ನಾನು ನುಂಗಿಹಾಕಿದ ಎಂಬತ್ತು ಪುಟಗಳು

ಓದಲು ಒಳ್ಳೆಯ ಪಾಶ್ಚಾತ್ಯ ಕಾದಂಬರಿ ಯಾವುದು ಎಂದು ಶಿರಸಿಯಲ್ಲಿ ಈಗಲೂ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ. ನಾನು ಸಿದ್ದಾಪುರದವಳಾದರೂ ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ದಿನದಿಂದ 'ಕಾನ್ವೆಂಟ್' ಎಂಬ ಹೆಸರೇ ಅಂಟಿಕೊಂಡಿದೆ. ದಪ್ಪ ಪುಸ್ತಕಕ್ಕೆ ಹೆದರಬೇಡಿ, ಮಂಜು, ಕುದುರೆಗಾಡಿ, ಪರದೆಯ ಬಣ್ಣ ಅಂತ ಮೊದಲ ಮೂವತ್ತು ಪುಟ ಹೇಗೋ ದಾಟಿಬಿಡಿ, ಆಮೇಲೆ ಅವರ ಮನೆಯ ಜಗಳ ನಮ್ಮ ಮನೆಯದೇ ಅನಿಸುತ್ತದೆ ಎನ್ನುತ್ತೇನೆ. ಕಳೆದ ವರ್ಷ ಮಾತ್ರ ಲಿಸ್ಟ್ ಬರೆಯಲು ಕೂತವಳ ಪೆನ್ನು ನಿಂತಿತು. ಕೇಳಿದವಳು ಎರಡು ಮನೆ ಆಚೆಯ ಗೆಳತಿ.

ಬೇಸಿಗೆಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಹಲಸಿನ ಹಪ್ಪಳ ಮಾಡುತ್ತಿದ್ದೆವು. ನಾನು ಒತ್ತಿದ್ದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅತ್ತೆಗೆ ನೋಡಿ ಸಾಕಾಯಿತು.

"ಕೂಸೇ, ನೀ ಉಂಡೆ ಕಟ್ಟಿ ಕತೆ ಹೇಳು. ಹಪ್ಪಳನಾದ್ರೂ ಉಳಿತು. ಆದ್ರೆ ವರ್ಷಪೂರ್ತಿ ತಿನ್ನ ವಸ್ತು ಮಾಡ ಹೊತ್ತಿಗೆ ಸಾವಿನ ಸುದ್ದಿ ತೆಗಿಯಲಾಗ."

ಹೀಗೆ ಓದಿದ ಕಾದಂಬರಿಗಳನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದೆ. ಪರದೇಶದ ಹೆಸರುಗಳು ಯಾರಿಗೂ ನೆನಪಿರುತ್ತಿರಲಿಲ್ಲ. ದೊಡ್ಡಪ್ಪ, ಕಿರಿಸೊಸೆ, ಭಾವ ಎಂದೇ ನಡೆಸುತ್ತಿದ್ದೆ.

ಒಂದು ಕಾದಂಬರಿಯಲ್ಲಿ ಬಂದರಿನ ಹೆಂಗಸೊಬ್ಬಳ ಗಂಡ ಹಡಗಿನಲ್ಲಿ ಹೋಗಿರುತ್ತಾನೆ. ಪುಸ್ತಕದಲ್ಲಿ ಹಡಗು ಮುಳುಗುತ್ತದೆ. ಅದನ್ನು ಹೇಳಲು ಹೊರಟ ವರ್ಷ ಈ ಗೆಳತಿಯ ಗಂಡ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅವಳ ಪಾಲಿಗೆ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಒಂದು ಹಿಟ್ಟಿನ ಗಿರಣಿ. ನನ್ನೆದುರು ಕೂತು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರುತ್ತಿದ್ದಳು. ಯಾರೋ ಬಾಗಿಲು ಬಡಿದರು ಎಂಬಲ್ಲಿಗೆ ಕತೆ ಬಂದಿತ್ತು. ಅವಳ ಕೈ ನಿಂತಿತು.

"ಯಾರು ಬಂದಿದ್ದು?" ಎಂದಳು.

ಫ್ರ್ಯಾಂಕ್ಲಿ, ನನಗೆ ಧೈರ್ಯ ಸಾಲಲಿಲ್ಲ. "ಗಂಡ" ಎಂದೆ. ಕತೆ ಅಲ್ಲಿಗೆ ಮುಗಿಯಿತು. ಮುಂದಿನ ಬೇಸಿಗೆಗಳಲ್ಲೆಲ್ಲ ಅವಳು ಅದನ್ನೇ ಕೇಳಿ ಕೇಳಿ ಹೇಳಿಸಿಕೊಂಡಳು.

ಕಳೆದ ವರ್ಷ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಗಿರಣಿಯನ್ನು ಮಗಳು ನೋಡಿಕೊಳ್ಳುತ್ತಾಳೆ.

"ಅಕ್ಕಯ್ಯಾ, ನಿನ್ನ ಬಾಯಿಂದ ಕೇಳಿದ್ದಾತು. ಈಗ ನಾನೇ ಓದ್ತೆ. ಕನ್ನಡಕ್ಕೆ ಬಂದದ್ದೆಲ್ಲ ಬರ್ದುಕೊಡು. ಮೊದ್ಲು ಆ ಬಂದರಿನ ಹೆಂಗ್ಸಿಂದು."

ಅದೊಂದನ್ನು ಬಿಟ್ಟು ಒಂಬತ್ತು ಹೆಸರು ಬರೆದೆ. ಅವಳು ಮೊದಲು ಹುಡುಕುವುದು ಅದನ್ನೇ ಎಂದು ಗೊತ್ತಿತ್ತು. ಹತ್ತನೆಯದನ್ನೂ ಬರೆದು, ಬೆಳಿಗ್ಗೆ ಅವಳ ಜಗಲಿಗೆ ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ತಂಗೀ, ಪುಸ್ತಕದಲ್ಲಿ ಅವ ಬತ್ನಿಲ್ಲೆ. ಹಡಗು ಮುಳುಗ್ತು. ಬಂದ ಹೇಳದು ನಾ ಸೇರ್ಸಿದ್ದು."

"ಇಷ್ಟು ವರ್ಷನೂ ಸುಳ್ಳಾ?"

"ಹೂಂ."

ಲಿಸ್ಟ್ ತೆಗೆದುಕೊಂಡಳು. ಮೊರ ಎತ್ತಿಕೊಂಡು ಒಳಗೆ ಹೋದಳು. ಎರಡು ವಾರ ನಮ್ಮ ಮನೆ ಕಡೆ ಬರಲಿಲ್ಲ. ರಸ್ತೆಯಲ್ಲಿ ಕಂಡರೂ ಚೀಲ ನೋಡಿಕೊಂಡು ದಾಟಿದಳು. ಈ ವಯಸ್ಸಿನಲ್ಲಿ ಗೆಳತಿಯನ್ನು ಕಳೆದುಕೊಂಡೆ ಎಂದೇ ತಿಳಿದಿದ್ದೆ.

ಮೂರನೆಯ ವಾರ ಲೈಬ್ರರಿಯ ಪುಸ್ತಕ ಹಿಡಿದು ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ನೀ ಎಂತಾ ಕಾನ್ವೆಂಟ್ ಮಾರಾಯ್ತಿ! ಗಂಡ ಸತ್ತಮೇಲೆ ಇನ್ನೂ ಎಂಬತ್ತು ಪುಟ ಇದ್ದು. ಆ ಹೆಂಗ್ಸು ಹಗ್ಗದ ಅಂಗಡಿ ಇಡ್ತು, ಭಾವನ ಬಾಯಿ ಮುಚ್ಚಿಸ್ತು, ಸ್ವಂತ ದೋಣಿ ತಗಳ್ತು. ನೀ ಸತ್ತವ್ನ ಕರ್ಕಬಂದು ಬಾಗ್ಲಲ್ಲಿ ನಿಲ್ಸಿ ಅಷ್ಟನ್ನೂ ನುಂಗಿಹಾಕ್ದೆ!"

"ನಿಂಗೆ ನೋವಾಗ್ತು ಹೇಳಿ..."

"ನೋವು ಮೊದ್ಲೇ ಆಗಿತ್ತು. ಗಿರಣಿ ಬೆಲ್ಟ್ ಹೆಂಗೆ ಹಾಕದು ಹೇಳೇ ಗೊತ್ತಿರ್ಲಿಲ್ಲೆ ನಂಗೆ. ಮೈದುನಂಗೆ ಬಿಟ್ಕೊಡು ಹೇಳಿ ಎಲ್ಲರೂ ಹೇಳ್ತಿದ್ರು. ಆ ಎಂಬತ್ತು ಪುಟ ನಂಗೆ ಬೇಕಾಗಿದ್ದು ಆವಾಗ."

"ಸಾರಿ" ಎಂದೆ. ಆ ಪದ ಅಲ್ಲಿ ತೀರಾ ಸಣ್ಣದಾಗಿ ಕೇಳಿಸಿತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಸೆರಗಿನ ಗಂಟಿನಿಂದ ಲಿಸ್ಟ್ ತೆಗೆದಳು.

"ಮುಂದಿಂದು ಯಾವ್ದು ಓದ್ಲಿ? ಹೆಸ್ರು ಸಾಕು, ಕತೆ ಹೇಳಡ."

ಒಂದಕ್ಕೆ ಗುರುತು ಹಾಕಿಕೊಟ್ಟೆ. ಅದರಲ್ಲಿ ಇಬ್ಬರು ಸಾಯುತ್ತಾರೆ. ಬಾಯಿಗೆ ಬಂದದ್ದನ್ನು ತಡೆದುಕೊಂಡು ಚಹಾಕ್ಕೆ ನೀರಿಟ್ಟೆ.