ನಲವತ್ತೆರಡು ಡಿಗ್ರಿಯ ತಟ್ಟೆ

ಕುಂದಾಪುರದ ಆಸ್ಪತ್ರೆಯೊಂದರ ಲ್ಯಾಬಿಗೆ ಬ್ರಹ್ಮಾವರದಿಂದ ನಾನು, ಬೈಂದೂರಿನಿಂದ ನಮ್ಮ ಹಿರಿಯ ಟೆಕ್ನಿಷಿಯನ್, ಇಬ್ಬರೂ ದಿನಾ ಬಸ್ಸಿನಲ್ಲಿ ಬರುತ್ತಿದ್ದೆವು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ರೋಗಾಣುವಿನ ಹೆಸರು ಹೇಳುವ ಹೊಸ ಮಶಿನ್ ಬಂದ ಮೇಲೆ ಆ ಸಿಟ್ಟೆಲ್ಲ ಅವರ ಮೇಲೆ. ಅವರದ್ದೊಂದು ಹಠ: ರಕ್ತದಲ್ಲಿ ಯೀಸ್ಟ್ ಸಿಕ್ಕಿದರೆ, ಮಶಿನ್ ಏನೇ ಹೇಳಲಿ, ಅದನ್ನು ಬೆಳೆಸಲು ಹಾಕಿದ ಒಂದು ತಟ್ಟೆ ನಲವತ್ತೆರಡು ಡಿಗ್ರಿ ಬಿಸಿಯಲ್ಲಿ ಎರಡು ದಿನ ಇರಲೇಬೇಕು. ಅಲ್ಲಿಯವರೆಗೆ ರಿಪೋರ್ಟಿಗೆ ಸಹಿ ಇಲ್ಲ.

ಕಳ್ಳಿಗೆ ಅಮಲು ತರುವುದೂ ಯೀಸ್ಟೇ, ಐಸಿಯುನಲ್ಲಿ ಮಲಗಿದವರ ರಕ್ತಕ್ಕಿಳಿದು ಜೀವ ತೆಗೆಯುವುದೂ ಯೀಸ್ಟೇ. ಜಾತಿ ಬೇರೆ. ಜಾತಿ ಗೊತ್ತಾಗದೆ ಸರಿಯಾದ ಮದ್ದು ಗೊತ್ತಾಗುವುದಿಲ್ಲ.

ಒಂದು ಸಲ ಐಸಿಯುನಲ್ಲಿದ್ದ ಕೋಡಿಯ ಮೀನು ಮಾರುವ ಹೆಂಗಸೊಬ್ಬರ ರಕ್ತ ಬಂದಿತ್ತು. ಅದರಲ್ಲಿ ಸಿಕ್ಕಿದ ಯೀಸ್ಟನ್ನು ಸೀರಮ್ಮಿನಲ್ಲಿ ಮೂರು ಗಂಟೆ ಇಟ್ಟು ನೋಡಿದೆ, ಮೊಳಕೆ ಒಡೆಯಲಿಲ್ಲ. ಹೆಚ್ಚಾಗಿ ಸಿಗುವ ಜಾತಿ ಇದಲ್ಲ ಎಂದಾಯಿತು. ಜಾತಿಗೊಂದು ಬಣ್ಣ ತೋರಿಸುವ ತಟ್ಟೆಯಲ್ಲಿ ಹಸಿರೂ ಅಲ್ಲ, ನೀಲಿಯೂ ಅಲ್ಲ, ಮಾಸಲು ಗುಲಾಬಿ. ಹಾಗೆ ಕಾಣುವ ಜಾತಿಗಳು ನಾಲ್ಕಾರಿವೆ. ಮಶಿನ್ ಮಾತ್ರ ಮರುದಿನವೇ ಒಂದು ಹೆಸರು ಅಚ್ಚು ಹಾಕಿ ಕೊಟ್ಟಿತು. ಮಾಮೂಲಿ ಮದ್ದಿಗೆ ಬಗ್ಗುವ ಜಾತಿ ಅದು.

ಲ್ಯಾಬಿನ ಕಿಟಕಿಯಲ್ಲಿ ಆಕೆಯ ಮಗಳು ಬೆಳಿಗ್ಗೆಯಿಂದ ನಿಂತಿದ್ದಳು. "ಅಕ್ಕಾ, ಹೆಸ್ರ್ ಸಿಕ್ತಾ? ಹೆಸ್ರ್ ಸಿಕ್ರೆ ಸರಿಯಾದ್ ಮದ್ದ್ ಕೊಡ್ತ್ರಂಬ್ರ್."

ರಿಪೋರ್ಟಿಗೆ ಸಹಿ ಹಾಕಲು ಹೊರಟ ನನ್ನನ್ನು ಹಿರಿಯರು ತಡೆದರು. "ತಡಿ ಮಾರಾಯ್ತಿ. ಮಶಿನಿಗೆ ಗೊತ್ತಿಪ್ದ್ ಅದಕ್ಕೆ ಕಲ್ಸಿದ್ ಹೆಸ್ರ್ ಮಾತ್ರ. ಬಿಸಿಯಗೆ ಬದ್ಕತ್ತಾ ಕಾಂಬ."

"ಎರಡ್ ದಿನ ಆ ಹೆಣ್ಣ್ ಇಲ್ಲೇ ನಿಂತ್ಕಂಡಿರ್ಕಾ? ನಿಮ್ಮ್ ಪುರಾಣ ಸಾಕ್!" ಎಂದೆ.

ಅವರು ತಟ್ಟೆಯನ್ನು ಬಿಸಿ ಪೆಟ್ಟಿಗೆಯೊಳಗೆ ಇಟ್ಟರು. ನಾನು ಸಹಿ ಹಾಕಿ ರಿಪೋರ್ಟ್ ಕೊಟ್ಟುಬಿಟ್ಟೆ. ಹೆಸರು ತಿಳಿಯುವವರೆಗೆಂದು ಡಾಕ್ಟರು ಬಲವಾದ ಮದ್ದು ಕೊಡುತ್ತಿದ್ದರು. ನನ್ನ ರಿಪೋರ್ಟ್ ನೋಡಿ ಅದನ್ನು ನಿಲ್ಲಿಸಿ ಮಾಮೂಲಿ ಮದ್ದಿಗೆ ಇಳಿಸಿದರು.

ಎರಡು ದಿನ ಕಳೆದು ತಟ್ಟೆ ತೆಗೆದರೆ ಅದರ ತುಂಬ ಯೀಸ್ಟ್ ಬೆಳೆದಿತ್ತು. ಮಶಿನ್ ಹೇಳಿದ ಜಾತಿ ಆ ಬಿಸಿಯಲ್ಲಿ ಬೆಳೆಯುವುದೇ ಇಲ್ಲ. ಇದು ಕ್ಯಾಂಡಿಡಾ ಆರಿಸ್ ಇರಬೇಕು, ಮಾಮೂಲಿ ಮದ್ದಿಗೆ ಕ್ಯಾರೇ ಅನ್ನದ ಜಾತಿ. ಹಿರಿಯರು ಫೋನನ್ನು ನನ್ನ ಕಡೆ ಸರಿಸಿದರು. ಐಸಿಯುಗೆ ನಾನೇ ಹೇಳಿದೆ. ಕೂಡಲೇ ಮದ್ದು ಬದಲಾಯಿಸಿದರು. ಖಾತ್ರಿಗೆಂದು ಮಾದರಿ ಕಳಿಸಿದ ದೊಡ್ಡ ಲ್ಯಾಬಿನಿಂದಲೂ ಅದೇ ಹೆಸರು ಬಂತು. ಅಷ್ಟರಲ್ಲಿ ಆಕೆ ತೀರಿಹೋಗಿದ್ದರು.

ಉಳಿಯುವುದು ಮೊದಲೇ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಇರಬಹುದು. ನನಗೆ ಸಮಾಧಾನ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಕಾಗದಪತ್ರ ಒಯ್ಯಲು ಮಗಳು ಬಂದಳು. ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಹಿಡಿದು ನೋಡಿದಳು. "ಅಕ್ಕಾ, ಹೆಸ್ರ್ ಬೇರೆ ಬೇರೆ ಇತ್ತಲೆ. ಸರಿ ಯಾವ್ದ್?"

"ಎರಡ್ನೇದ್. ಮೊದ್ಲಿನದ್ ತಪ್ಪ್. ನಾ ಅವಸರ ಮಾಡ್ದೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊದಲಿನ ರಿಪೋರ್ಟಿನ ತಾರೀಖಿನ ಮೇಲೆ ಬೆರಳಿಟ್ಟಳು.

"ಈ ದಿನ ಅಮ್ಮ ನನ್ ಹತ್ರ ಲಾಯ್ಕ್ ಮಾತಾಡಿತ್ತ್" ಎಂದಳು.