ಬ್ಯಾನರಿನ ಎಡಬದಿ

ನಮ್ಮ ಮಹಿಳಾ ಮಂಡಳಿಯಲ್ಲಿ ಯಾರಿಗೆ ಏನು ಕೊಡುವುದಿದ್ದರೂ ಅದಕ್ಕೊಂದು ಕ್ರಮ ಉಂಟು. ಕೊಡುವವರು ಬ್ಯಾನರಿನ ಬಲಬದಿ, ತೆಗೆದುಕೊಳ್ಳುವವರು ಎಡಬದಿ. ವಸ್ತುವಿನ ಮೇಲೆ ಇಬ್ಬರ ಕೈಯೂ ಇರಬೇಕು, ಇಬ್ಬರೂ ಕ್ಯಾಮೆರಾ ನೋಡಬೇಕು. ಕಾರ್ಕಳದ ಶಿಬಿರದಲ್ಲಿ ಅಜ್ಜಿಯಂದಿರಿಗೆ ಕನ್ನಡಕ ಕೊಟ್ಟದ್ದೂ ಹೀಗೆಯೇ, ಮಣಿಪಾಲದಲ್ಲಿ ಕಟ್ಟಡ ಕೆಲಸದ ಹೆಂಗಸರಿಗೆ ಅಕ್ಷರ ಕಲಿಸಲು ಸ್ಲೇಟು ಹಂಚಿದ್ದೂ ಹೀಗೆಯೇ. ಕ್ರಮ ಮಾಡಿದವಳು ನಾನಲ್ಲ. ಆದರೆ ಇಷ್ಟು ವರ್ಷ ಕಾರ್ಯದರ್ಶಿಯಾಗಿ ಅದನ್ನು ಒಂದಿಷ್ಟೂ ತಪ್ಪದಂತೆ ನಡೆಸಿದವಳು ನಾನೇ. ಶಾಲೆಯಲ್ಲಿ ಟೀಚರಾಗಿದ್ದವಳಲ್ವಾ, ಸಾಲು ತಪ್ಪಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜನರನ್ನು ನಿಲ್ಲಿಸುವ ಕೆಲಸ ನನ್ನ ಗೆಳತಿಯದು. ಕಾಪುವಿನವಳು, ಮಂಡಳಿಯ ಮೊದಲ ಸಭೆಯಿಂದಲೂ ಇದ್ದವಳು. ಗಂಡ ಬೋಟಿಗೆ ಹೋಗುತ್ತಿದ್ದರು, ಇವಳು ಮೀನು ಮಾರಿ ಮಗಳನ್ನು ಓದಿಸಿ ಮದುವೆ ಮಾಡಿದವಳು. ಮಂಡಳಿ ಸೇರುವ ಎರಡನೇ ಶನಿವಾರ ಬಂತೆಂದರೆ ಉಡುಪಿಯ ಬಸ್ಸಿನಲ್ಲಿ ಅವಳು ಇರಲೇಬೇಕು. "ತಲೆ ಎತ್ತಿ ಅಮ್ಮ, ಬ್ಯಾನರಿಗೆ ಅಡ್ಡ ಬರಬೇಡಿ" ಎಂದು ಹೆದರಿದವರ ಬೆನ್ನು ಸವರುತ್ತಿದ್ದಳು. ಮೈಕಿನೆದುರು ಮಾತು ಹೊರಡದವರಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದಳು: "ನೀವು ಮಾಡಿದ ಉಪಕಾರ ಎಂದಿಗೂ ಮರೆಯುವುದಿಲ್ಲ ಮೇಡಂ." ಅವರು ಪಾಪ, ಹಾಗೆಯೇ ಒಪ್ಪಿಸುತ್ತಿದ್ದರು.

ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ಮಂಡಳಿಯ ಅಡುಗೆಮನೆಯಲ್ಲೂ ತುಳುವೇ, ವೇದಿಕೆಯ ಮೇಲೆ ಮಾತ್ರ ಕನ್ನಡ. "ಮೈಕ್ ಕಂಡ ಕೂಡಲೇ ಅಕ್ಕನ ನಾಲಿಗೆಗೆ ಇಸ್ತ್ರಿ ಬೀಳ್ತದೆ" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು. ಅವಳಲ್ಲದೆ ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಬೋಟುಗಳು ದಡ ಸೇರುವ ಸ್ವಲ್ಪ ಮೊದಲು ಅವಳ ಗಂಡ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಅವರನ್ನು ಬಿಟ್ಟು ಹೋಗಲಾಗದೆ ಇವಳ ಮೀನಿನ ವ್ಯಾಪಾರವೂ ನಿಂತಿತು. ಹಿತ್ತಲಿನ ಬಾಡಿಗೆ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬಳು ಹೆಂಗಸು ಇದ್ದಳು, ಕಟ್ಟಡ ಕೆಲಸಕ್ಕೆ ಹೋಗುವವಳು. ಎರಡನೇ ಶನಿವಾರ ಮಾತ್ರ ಅವಳನ್ನು ಗಂಡನ ಹತ್ತಿರ ಕೂರಿಸಿ ನನ್ನ ಗೆಳತಿ ಮಂಡಳಿಗೆ ಬರುತ್ತಿದ್ದಳು. ತನಗೆ ಏನಾದರೂ ಬೇಕು ಎಂದು ಒಂದು ದಿನವೂ ಬಾಯಿ ಬಿಡಲಿಲ್ಲ. ಪಾತ್ರೆ ತೊಳೆಯುವಾಗ ಒಮ್ಮೆ, "ಮನೆಯಲ್ಲಿ ಒಂದು ಹೊಲಿಗೆ ಮಿಷನ್ ಇದ್ದಿದ್ದರೆ ಎಂತಾದರೂ ಮಾಡಬಹುದಿತ್ತು ಅಕ್ಕ" ಎಂದಳು, ಅಷ್ಟೇ.

ನಾನು ಅಷ್ಟನ್ನೇ ಹಿಡಿದುಕೊಂಡೆ. ಮಿಷನ್ನನ್ನು ಒಂದು ರಿಕ್ಷಾದಲ್ಲಿ ಹಾಕಿ ಅವಳ ಮನೆಗೆ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಸಂಭ್ರಮ. ನಮ್ಮವಳಿಗೆ ಕೊಡುವುದನ್ನು ನಾಲ್ಕು ಜನರೆದುರು ಕೊಡಬೇಕು, ಮೊದಲೇ ಹೇಳದೆ ಅವಳನ್ನು ಬೆರಗುಗೊಳಿಸಬೇಕು ಎಂದು. ಬುದ್ಧಿ ಹುಲ್ಲು ಮೇಯಲಿಕ್ಕೆ ಹೋಗಿತ್ತು, ಮತ್ತೆಂತ ಹೇಳುವುದು.

ಜಡಿಮಳೆಯ ಆಟಿ ತಿಂಗಳ ಕೂಟ. ಪತ್ರೊಡೆ, ತಜಂಕು ಸೊಪ್ಪಿನ ಅಂಬಡೆ, ಹಲಸಿನ ಬೀಜದ ಪಲ್ಯ ಎಂದು ಪ್ರತಿಯೊಬ್ಬಳೂ ಒಂದೊಂದು ಮಾಡಿ ತಂದಿದ್ದಳು, ಚೆನ್ನಾಗಿದ್ದದ್ದಕ್ಕೆ ಬಹುಮಾನ. "ಸಣ್ಣವಳಿದ್ದಾಗ ಆಟಿಯಲ್ಲಿ ತಿನ್ನಲಿಕ್ಕೆ ಬೇರೆ ಎಂತ ಇಲ್ಲದೆ ಈ ಸೊಪ್ಪು ತಿಂದದ್ದು ಅಕ್ಕ. ಇಲ್ಲಿ ಇದಕ್ಕೆ ಪ್ರೈಜ್ ಕೊಡ್ತಾರೆ" ಎಂದು ನನ್ನ ಗೆಳತಿ ಬಡಿಸುತ್ತ ನಗುತ್ತಿದ್ದಳು. ‘ಅಶಕ್ತ ಮಹಿಳೆಯರಿಗೆ ಹೊಲಿಗೆ ಯಂತ್ರ ವಿತರಣೆ’ ಎಂಬ ಬ್ಯಾನರನ್ನು ಬೆಳಿಗ್ಗೆ ಹಗ್ಗ ಬಿಗಿದು ಕಟ್ಟಿದವಳೂ ಅವಳೇ.

ಊಟದ ನಂತರ ನಾನು ಮೈಕಿನಲ್ಲಿ "ನಮ್ಮದೇ ಬಳಗದ ನೊಂದ ಸಹೋದರಿ" ಎಂದು ಶುರು ಮಾಡಿ ಅವಳ ಹೆಸರು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಜನ ನಿಲ್ಲಿಸಲಿಕ್ಕೆ ಕರೆದದ್ದೆಂದು ತಿಳಿದಿರಬೇಕು, ಅಭ್ಯಾಸದಂತೆ ನೇರ ಬಲಬದಿಗೆ ಹೋಗಿ ನಿಂತಳು. ನಾನು ಅವಳ ತೋಳು ಹಿಡಿದು ಎಡಬದಿಗೆ ತಂದೆ. "ಇವತ್ತು ನೀನು ಈಚೆ" ಎಂದೆ, ನಗುತ್ತಲೇ.

ಅವಳು ಒಮ್ಮೆ ಹಿಂತಿರುಗಿ ಬ್ಯಾನರ್ ನೋಡಿದಳು. ಮತ್ತೆ ಮಿಷನ್ನಿನ ಮೇಲೆ ಕೈ ಇಟ್ಟು, ತಲೆ ಎತ್ತಿ, ಕ್ಯಾಮೆರಾ ನೋಡಿದಳು. "ಅಡ್ಡ ಬರ್ತೇನಾ?" ಎಂದು ಮೆಲ್ಲನೆ ಕೇಳಿದಳು. ಇಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಲ್ಲಿ ಕಣ್ಣೀರೇ ಬಂತು. ಸಂಜೆ ಪದ್ಧತಿಯಂತೆ ಫೋಟೋವನ್ನು ಪೇಪರಿನವರಿಗೆ ಕಳಿಸಿದವಳೂ ನಾನೇ.

ಮುಂದಿನ ಎರಡನೇ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ "ಪುರುಸೊತ್ತಿಲ್ಲ" ಎಂದು ಒಂದೇ ಮಾತು. ಮೊದಲು ನನಗೆ ಕೋಪ ಬಂತು, ಕೊಟ್ಟದ್ದು ಸಿಕ್ಕಿದ ಮೇಲೆ ನಾವು ಬೇಡವಾದೆವಾ ಎಂದು. ಆ ಯೋಚನೆ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಮೂರನೆಯ ಸಲವೂ ಬಾರದೆ ಇದ್ದಾಗ ಕಾಪುವಿನ ಬಸ್ಸು ಹತ್ತಿದೆ.

"ಬನ್ನಿ ಮೇಡಂ, ಕುಳಿತುಕೊಳ್ಳಿ" ಎಂದಳು ಬಾಗಿಲಲ್ಲಿ. ಕನ್ನಡದಲ್ಲಿ.

ತಮಾಷೆ ಎಂದುಕೊಂಡು ನಾನು ತುಳುವಿನಲ್ಲೇ ಮಾತಾಡಿದೆ. ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು. ಮುನಿಸೇನೂ ಕಾಣಲಿಲ್ಲ. ಒಳ್ಳೆಯ ಕಪ್ಪಿನಲ್ಲಿ ಚಾ ಕೊಟ್ಟಳು, ತಾನು ಕುಳಿತುಕೊಳ್ಳಲಿಲ್ಲ. ಒಳಗೆ ಅವಳ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಅವರು ಪೇಪರ್ ನೋಡಿದರು ಮೇಡಂ" ಎಂದಳು. ಹಿತ್ತಲಿನಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಅದನ್ನು ಬಾಗಲಕೋಟೆಯವಳಿಗೆ ಕೊಟ್ಟಿದ್ದಳಂತೆ. "ಕೊಡುವಾಗ ಅವಳೂ ನಾನೂ ಇಬ್ಬರೇ ಇದ್ದೆವು" ಎಂದಳು.

ಮೆಟ್ಟಿಲ ಹತ್ತಿರ ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ನನ್ನಿಂದ ತಪ್ಪಾಯಿತು ಮಾರಾಯ್ತಿ, ಒಮ್ಮೆ ಅಕ್ಕ ಅಂತ ಕರಿ ಎಂದೆ, ತುಳುವಿನಲ್ಲೇ. ಕೈ ಬಿಡಿಸಿಕೊಳ್ಳಲಿಲ್ಲ ಅವಳು. ತಲೆ ಎತ್ತಿ ನನ್ನನ್ನು ನೋಡಿದಳು.

"ನೀವು ಮಾಡಿದ ಉಪಕಾರ ಎಂದಿಗೂ ಮರೆಯುವುದಿಲ್ಲ ಮೇಡಂ" ಎಂದಳು.

ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ಯಾರೂ ಕಿವಿಯಲ್ಲಿ ಹೇಳಿಕೊಡಲಿಲ್ಲ.