ಬಾಗಿಲ ಪಕ್ಕದ ತಾರೀಖು

ಬೀದಿಯ ಮಕ್ಕಳ ಬಾಯಲ್ಲಿ ಅವನು ಸೊಳ್ಳೆಮಾಮ. ಹೊಸ ಹೊಸ ಹೆಸರಿನ ಜ್ವರಗಳು ಊರಿಗೆ ಕಾಲಿಟ್ಟ ಮೇಲೆ ಆರೋಗ್ಯ ಇಲಾಖೆ ಕೊಟ್ಟ ಕೆಲಸ ಅವನದು. ವಾರಕ್ಕೊಮ್ಮೆ ಮನೆಮನೆಗೆ ಹೋಗಿ, ತೊಟ್ಟಿ ಡ್ರಮ್ಮುಗಳಿಗೆ ಟಾರ್ಚಿನ ಬೆಳಕು ಬಿಟ್ಟು ಸೊಳ್ಳೆಯ ಮರಿಹುಳ ಹುಡುಕಬೇಕು; ನೋಡಿದ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಅಂದಿನ ತಾರೀಖು ಬರೆಯಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದ. ಕಂಡವರ ಬಚ್ಚಲಿಗೆಲ್ಲ ಮೂಗು ತೂರಿಸುತ್ತಾನೆಂದು ಬೈಸಿಕೊಂಡರೂ ನಗುತ್ತಲೇ ಇದ್ದ. ಸಂಬಳ ಅಷ್ಟಕ್ಕಷ್ಟೆ, ಜಂಬ ಮಾತ್ರ ದೊಡ್ಡ ಡಾಕ್ಟರದ್ದು.

ಈ ವರ್ಷ ಮಂಡಿ ಕೈಕೊಟ್ಟಿತು. ಟೈಲರಮ್ಮನ ಮನೆಯ ನೀರಿನ ತೊಟ್ಟಿ ತಾರಸಿಯ ಮೇಲಿತ್ತು, ಹತ್ತಲು ಕಡಿದಾದ ಕಬ್ಬಿಣದ ಏಣಿ. ಒಂದು ವಾರ ಕೆಳಗಿಂದಲೇ ತಲೆಯೆತ್ತಿ ನೋಡಿ ತಾರೀಖು ಗೀಚಿದ. ಮರುವಾರವೂ ಅಷ್ಟೆ. ಮೂರನೆಯ ವಾರ ತಲೆಯೆತ್ತುವ ಶಾಸ್ತ್ರವನ್ನೂ ಬಿಟ್ಟ.

ನಾಲ್ಕನೆಯ ವಾರ ಹೋದಾಗ ಟೈಲರಮ್ಮ ಅಂಗಳದಲ್ಲಿ ಕೂತು ಹೂವಿನ ಕುಂಡಗಳನ್ನು ಸುತ್ತಿಗೆಯಿಂದ ಒಡೆಯುತ್ತಿದ್ದಳು. ಒಳಗೆ ಹೊಲಿಗೆ ಯಂತ್ರದ ಮೇಲೆ ಮಗಳ ಶಾಲೆಯ ಲಂಗ ಅರ್ಧಕ್ಕೇ ನಿಂತಿತ್ತು.

"ಮಗಳಿಗೆ ಡೆಂಗ್ಯೂ ಅಣ್ಣಾ. ಆಸ್ಪತ್ರೆ ಸೇರಿ ಐದು ದಿನ ಆಯ್ತು, ಪ್ಲೇಟ್‌ಲೆಟ್ ಇಳೀತಾನೇ ಇದೆ. ಅಕ್ಕನ್ನ ಅಲ್ಲಿ ಕೂರಿಸಿ ಬಂದೆ. ತೊಟ್ಟಿ ಅಂತೂ ನೀವು ನೋಡಿ ಬರೆದಿದ್ದೀರಿ, ಸೊಳ್ಳೆ ಅಲ್ಲಿಂದ ಬಂದಿರೋಕೆ ಸಾಧ್ಯ ಇಲ್ಲ. ಈ ಹಾಳು ಕುಂಡಗಳೇ. ಕುಂಡದ ಕೆಳಗಿನ ತಟ್ಟೇಲಿ ನಿಂತ ನೀರನ್ನ ದಿನಾ ಚೆಲ್ಲೋಕೆ ನನಗೇನಾಗಿತ್ತು ರೋಗ!"

ಸುಮ್ಮನಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ, ಸೊಳ್ಳೆಮಾಮನಿಗೆ ನಾಚಿಕೆಯಾದದ್ದೇ ಅದಕ್ಕೆ. ಹಲ್ಲುಕಚ್ಚಿ ಏಣಿ ಹತ್ತಿದ. ತೊಟ್ಟಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಟಾರ್ಚಿನ ಬೆಳಕು ಬಿದ್ದದ್ದೇ ತಡ, ನೀರೆಲ್ಲ ಮಿಸುಕಾಡಿತು. ಔಷಧಿ ಸುರಿದು ಕೆಳಗಿಳಿದವನು ಗೋಡೆಯ ಮೇಲಿನ ಕೊನೆಯ ಮೂರು ತಾರೀಖುಗಳನ್ನೂ ಅಂಗೈಯಿಂದ ಉಜ್ಜತೊಡಗಿದ.

"ಯಾಕಣ್ಣಾ ಅಳಿಸ್ತೀರಾ?"

"ಇದು ಸುಳ್ಳಮ್ಮ. ಮೂರು ವಾರದಿಂದ ನಾನು ಮೇಲೆ ಹತ್ತೇ ಇಲ್ಲ. ತೊಟ್ಟಿ ತುಂಬ ಹುಳ. ಕುಂಡ ಏನು ಮಾಡುತ್ತೆ ಪಾಪ, ತಪ್ಪೆಲ್ಲ ನಂದು."

ಬೈಯುತ್ತಾಳೆ, ಸುತ್ತಿಗೆಯನ್ನೇ ಬೀಸುತ್ತಾಳೆ ಎಂದು ತಲೆ ತಗ್ಗಿಸಿ ನಿಂತ. ಬೀಸಲಿ ಎಂದೇ ಆಸೆಪಟ್ಟ. ಟೈಲರಮ್ಮ ಸುತ್ತಿಗೆ ಕೆಳಗಿಟ್ಟು, ಕುಂಡದ ಚೂರುಗಳ ನಡುವಿನಿಂದ ಒಂದು ಗಿಡ ಎತ್ತಿಕೊಂಡಳು.

"ಈ ಗಿಡಗಳನ್ನೆಲ್ಲ ನೆಟ್ಟಿದ್ದು ಅವಳೇ," ಎಂದಳು. "ನನ್ನ ಗಿಡದಿಂದಲೇ ಜ್ವರ ಬಂತಾ ಅಮ್ಮಾ ಅಂತ ಕೇಳಿದ್ಲು. ಹೂಂ ಅಂದುಬಿಟ್ಟೆ. ನಡೀರಿ, ಈಗ ಹೇಳಿದ್ದನ್ನ ಅವಳ ಮುಂದೆ ಹೇಳಿ."